ಅಪ್ಪನ ವಾಚು

ಜಗಳೂರು ತಾಲ್ಲೂಕಿನ ನಮ್ಮೂರಿಗೆ ಆರು ತಿಂಗಳಿಗೊಮ್ಮೆ ಒಬ್ಬರು ಬ್ಯಾಗು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಎಸ್‌ಆರ್‌ಎಸ್ ಅಂತ ಸರ್ಕಾರದ ಸರ್ವೆ. ಯಾರ ಮನೆಯಲ್ಲಿ ಹುಟ್ಟು, ಯಾರ ಮನೆಯಲ್ಲಿ ಸಾವು ಅಂತ ಬರೆದುಕೊಳ್ಳುವ ಕೆಲಸ. 2018ರಲ್ಲಿ ಅವರು ನಮ್ಮ ಕಟ್ಟೆ ಮೇಲೂ ಕುಳಿತರು. ಅಪ್ಪ ಹೋಗಿ ಐದು ತಿಂಗಳಾಗಿತ್ತು.

"ಯಜಮಾನ್ರಿಗೆ ಏನಾಗಿತ್ತಮ್ಮಾ?"

"ಗ್ಯಾಸ್ ಸಾರ್. ಎದೆಗೆ ಏರಿಬಿಡ್ತು," ಅಂದಳು ಅವ್ವ.

ನಾವೆಲ್ಲ ನಂಬಿದ್ದೂ ಅದನ್ನೇ. ಅವತ್ತು ಅಪ್ಪ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆ ಎಪಿಎಂಸಿಗೆ ಹೋಗಿದ್ದರು. ಸಂಜೆ ಮಂಡಕ್ಕಿ ಮಿರ್ಚಿ ತಿಂದು ಬಸ್ಸು ಹತ್ತಿದ್ದರು. ದಾವಣಗೆರೆಗೆ ಹೋಗಿ ಅದನ್ನು ತಿನ್ನದೆ ಬರುವವರು ಯಾರಿದ್ದಾರೆ ಹೇಳಿ? ಹಾಗಾಗಿ ರಾತ್ರಿ ಹನ್ನೊಂದಕ್ಕೆ ಎದೆ ಉರಿ ಅಂದಾಗ ತಪ್ಪೆಲ್ಲ ಮಿರ್ಚಿಯದ್ದೇ ಆಯಿತು. ಸೋಡಾ ಆಯಿತು, ನಿಂಬೆಹಣ್ಣಾಯಿತು, ಓಮಿನಕಾಳಾಯಿತು. ಚಿಕ್ಕಪ್ಪ ಬೆನ್ನು ನೀವಿದರು. ಬನಿಯನ್ನು ಹಿಂಡಿದರೆ ನೀರು ಬರುವಷ್ಟು ಒದ್ದೆ. "ಬೆವರಿದ್ರೆ ಒಳ್ಳೇದು, ಇಳೀತೈತೆ" ಅಂದರು ಯಾರೋ. ನಾನೂ ಹೂಂ ಅಂದೆ. ಬಿಎಸ್ಸಿ ಓದಿದವನು ನಾನು! ಮೂರು ಗಂಟೆಗೆ 108ಕ್ಕೆ ಫೋನ್ ಮಾಡುವಷ್ಟರಲ್ಲಿ ಕೈಕಾಲು ತಣ್ಣಗಾಗಿದ್ದವು.

ಸರ್ವೆಯವರು ಗ್ಯಾಸ್ ಅಂತ ಬರೆದುಕೊಂಡು ಎದ್ದು ಹೋಗಲಿಲ್ಲ. ಬೀಡಿ ಸೇದುತ್ತಿದ್ದರಾ, ದಿನಕ್ಕೆ ಎಷ್ಟು? ಬಿಪಿ, ಶುಗರ್ ಇತ್ತಾ? ನೋವು ಶುರುವಾಗಿ ಎಷ್ಟು ಹೊತ್ತಿಗೆ ಜೀವ ಹೋಯಿತು? ಒಂದೊಂದೇ ಕೇಳುತ್ತಾ ಹೋದರು. "ಎಡಗೈ ನೋವು ಅಂದಿದ್ರಾ?"

ಅವ್ವ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಅಪ್ಪನ ಅಂಗಿ ತಂದಳು. ಜೇಬಿನಲ್ಲಿ ವಾಚು. ಚರ್ಮದ ಬೆಲ್ಟು ಬೆವರಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು.

"ಬಸ್ಸಲ್ಲೇ ಬಿಚ್ಚಿಟ್ಟುಕೊಂಡ್ರಂತೆ ಸಾರ್. ಮಧ್ಯಾಹ್ನದಿಂದ ಕೈ ಸೆಳೀತೈತೆ, ಚೀಲ ಎತ್ತಿದ್ದಕ್ಕೆ ಅಂದ್ರು."

ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಅಂದರೆ ಅವರು ಇನ್ನೂ ದಾವಣಗೆರೆಯಲ್ಲೇ ಇದ್ದರು. ಎರಡು ಮೆಡಿಕಲ್ ಕಾಲೇಜು ಇರುವ ಊರು. ಅಲ್ಲಿಂದ ಕೈ ನೀವಿಕೊಳ್ಳುತ್ತಾ ಬಸ್ಸಿನಲ್ಲಿ ಕೂತು ಮನೆಗೆ ಬಂದಿದ್ದಾರೆ.

ಅವ್ವ ಹೇಳಿದ್ದನ್ನೆಲ್ಲ ಅವರು ಕನ್ನಡದಲ್ಲೇ ಬರೆದುಕೊಂಡರು. ಆ ಹಾಳೆಯನ್ನು ಇಬ್ಬರು ಡಾಕ್ಟರು ಬೇರೆ ಬೇರೆ ಕೂತು ಓದಿ, ಸಾವಿಗೆ ಕಾರಣ ಏನಿರಬಹುದು ಅಂತ ಹೇಳುತ್ತಾರಂತೆ. "ಹಂಗಾದ್ರೆ ಗ್ಯಾಸ್ ಅಲ್ವಾ ಸಾರ್?" ಅಂದಳು ಅವ್ವ. "ನಾನು ಡಾಕ್ಟರಲ್ಲಮ್ಮಾ, ಬರ್ಕೊಳ್ಳೋದಷ್ಟೇ ನಂದು," ಅಂದು ಅವರು ನೀರು ಕುಡಿದು ಹೊರಟರು.

ಆಮೇಲೆ ನಾನು ಸ್ವಲ್ಪ ಓದಿಕೊಂಡೆ. 2001ರಿಂದ 2003ರವರೆಗೆ ದೇಶದ ಎಷ್ಟೋ ಮನೆಗಳಲ್ಲಿ ಹೀಗೇ ಕೇಳಿ ನೋಡಿದಾಗ ಹೃದಯ, ರಕ್ತನಾಳದ ಕಾಯಿಲೆಗಳೇ ಸಾವಿನ ಕಾರಣಗಳಲ್ಲಿ ಮೊದಲಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2019ರಲ್ಲಿ ಇವುಗಳಿಂದ ಜಗತ್ತಿನಲ್ಲಿ ಸತ್ತವರು 1 ಕೋಟಿ 79 ಲಕ್ಷ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನಮ್ಮಂಥ ಬಡ, ಮಧ್ಯಮ ದೇಶಗಳವರು. ಶ್ರೀಮಂತರ ಕಾಯಿಲೆ ಅಂತ ಸುಮ್ನೆ ಹೇಳುತ್ತಿದ್ದೆವು. ಅಪ್ಪನ ಮರಣ ಪತ್ರದಲ್ಲಿ ಹೆಸರಿದೆ, ತಾರೀಕಿದೆ, ಊರಿದೆ. ಕಾರಣ ಬರೆಯಲು ಒಂದು ಸಾಲೂ ಇಲ್ಲ.

ಹೋದ ವರ್ಷ ಒಂದು ರಾತ್ರಿ ಅವ್ವ ಎದೆ ಉರಿ ಅಂದಳು. ಬಾಯಿ ತಪ್ಪಿ "ಗ್ಯಾಸ್ ಇರ್ಬೇಕು ಬಿಡವ್ವಾ" ಅಂದೆ. ಅವಳು ನನ್ನ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಬೈಕಿನ ಪಕ್ಕ ನಿಂತಳು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಮೇಲೆ, ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನೂ ಬಿಟ್ಟಿಯಾಗಿ ಕೊಡುತ್ತಾರೆ. ಅವ್ವನಿಗೆ ಅದು ಬೇಕಾಗಲಿಲ್ಲ.

ಚೀಟಿ ನೋಡಿ ಡಾಕ್ಟರು, "ಏನಿಲ್ಲಮ್ಮಾ, ಗ್ಯಾಸು" ಅಂದರು.

"ಇನ್ನೊಂದ್ಸಲ ನೋಡ್ರಿ ಸಾರ್," ಅಂದಳು ಅವ್ವ.