ಡಂಕೆಲ್ಡ್ ಕೊನೆಗೂ ಕೂತಿತು, ಬಂಕಲ್ ಕಾಣೆಯಾಗಿದೆ

ಮೂರು ವಾರ ನನ್ನ ಜಿಗ್ಸಾದ ಒಂದೇ ತುಂಡಿನ ಜೊತೆ ಗುದ್ದಾಡಿದೆ, ಅದೇ ಡಂಕೆಲ್ಡ್. ನಿನ್ನೆ ರಾತ್ರಿ ಅದು ಹಲಗೆಯಲ್ಲಿ ಸರಿಯಾಗಿ ಕೂತಿತು. ಖುಷಿಗೆ ಚಹಾ ಚೆಲ್ಲಿದೆ, ಪುಣ್ಯಕ್ಕೆ ಮರದ ಮೇಲಲ್ಲ.

ಮಧ್ಯಯುಗದ ಸ್ಕಾಟ್ಲೆಂಡಿನ ಡಯಾಸಿಸ್‌ಗಳ, ಅಂದರೆ ಒಬ್ಬೊಬ್ಬ ಬಿಷಪ್ಪನ ಆಡಳಿತಕ್ಕೆ ಸೇರಿದ ಪ್ರದೇಶಗಳ, ಮರದ ಜಿಗ್ಸಾ (ತುಂಡು ಜೋಡಿಸುವ ನಕ್ಷೆ) ಇದು. ನಾನು ಆರಿಸಿದ ವರ್ಷ 1472. ಆ ವರ್ಷವೇ ಸೇಂಟ್ ಆಂಡ್ರ್ಯೂಸ್‌ನ ಬಿಷಪ್ ಆರ್ಚ್‌ಬಿಷಪ್, ಅಂದರೆ ಬಿಷಪ್ಪರ ಮೇಲಿನವನು, ಆಗಿದ್ದು. ಅವನದ್ದೂ ಸೇರಿ 13 ಡಯಾಸಿಸ್‌ಗಳು ಒಂದೇ ಕೊಡೆಯಡಿ ಬಂದವು. ಅದಕ್ಕೂ ಹಿಂದಿನ ವರ್ಷ ಹಿಡಿದಿದ್ದರೆ ತಲೆನೋವು ಜಾಸ್ತಿ: ಗ್ಯಾಲೊವೇ ಇಂಗ್ಲೆಂಡಿನ ಯಾರ್ಕ್ ಆರ್ಚ್‌ಬಿಷಪ್ಪನ ಕಡೆಗೆ, ಆರ್ಕ್ನಿ ಮತ್ತು ಪಶ್ಚಿಮ ದ್ವೀಪಗಳ ಡಯಾಸಿಸ್ ನಾರ್ವೆಯ ನಿಡರೋಸ್ ಆರ್ಚ್‌ಬಿಷಪ್ಪನ ಕಡೆಗೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ 1192ರ ಪೋಪ್ ಆಜ್ಞೆಯ ಬಲವಿತ್ತು. ನೇರ ರೋಮ್, ನಡುವೆ ಯಾರೂ ಇಲ್ಲ.

13 ಡಯಾಸಿಸ್, 13 ತುಂಡು. ಇಷ್ಟು ಸುಲಭದ ಲೆಕ್ಕ ನಂಬಿ ಗರಗಸ ಎತ್ತಿದ್ದೇ ತಪ್ಪು.

ಅಬರ್ಡೀನ್, ಮೋರೆ, ರಾಸ್ ಒಂದೇ ಸಂಜೆಯಲ್ಲಿ ಮುಗಿದವು. ಆಮೇಲೆ ಡಂಕೆಲ್ಡ್. ಕೆಥೆಡ್ರಲ್ (ಬಿಷಪ್ಪನ ಮುಖ್ಯ ಚರ್ಚು) ಟೇ ನದಿಯ ದಡದಲ್ಲಿ, ದೊಡ್ಡ ಭಾಗ ಅಥೋಲ್ ಬೆಟ್ಟಗಳಲ್ಲಿ. ಅಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಫೋರ್ತ್ ಕೊಲ್ಲಿ ದಾಟಿ ದಕ್ಷಿಣಕ್ಕೆ ಹೋದರೆ ಕ್ರ್ಯಾಮಂಡ್, ಅಬರ್‌ಕಾರ್ನ್, ಅಬರ್‌ಲೇಡಿ ಕೂಡ ಡಂಕೆಲ್ಡ್‌ದೇ. ಇನ್ನೂ ಕೆಳಗೆ ಬಂಕಲ್, ಪ್ರೆಸ್ಟನ್. ಸುತ್ತಲೂ ಸೇಂಟ್ ಆಂಡ್ರ್ಯೂಸ್, ನಡುವೆ ಇವು. ಕೊಲ್ಲಿಯ ಮಧ್ಯದ ಇಂಚ್‌ಕಾಮ್ ದ್ವೀಪದ ಮಠವೂ ಡಂಕೆಲ್ಡ್‌ದೇ!

ನಾನು ಮೊದಲು ಹತ್ತಿರದ ಕೆಥೆಡ್ರಲ್ ಯಾವುದು ನೋಡಿ ಗೆರೆ ಎಳೆದಿದ್ದೆ. ಆದರೆ ಆ ಬಿಷಪ್ಪರು ನಕ್ಷೆ ಹರಡಿಕೊಂಡು ಗೆರೆ ಎಳೆದವರಲ್ಲ. ಡಯಾಸಿಸ್‌ಗೆ ಗಡಿ ಬರುವ ಮೊದಲೇ ಡಂಕೆಲ್ಡ್ ಹಳೆಯ ಚರ್ಚು. ಅದರ ಆಸ್ತಿ, ಹಕ್ಕು ಎಲ್ಲಿದ್ದವೋ ಆ ಪ್ಯಾರಿಷ್‌ಗಳು (ಒಂದೊಂದು ಊರ ಚರ್ಚಿಗೆ ಸೇರಿದ ಪ್ರದೇಶಗಳು) ಅದರ ಜೊತೆಗೇ ಉಳಿದವು. ಜಾಗ ದೂರ ಆದರೇನು, ದಶಾಂಶ (ಚರ್ಚಿಗೆ ಸಲ್ಲುವ ಹತ್ತನೇ ಒಂದು ಪಾಲು) ಬಂದರೆ ಸಾಕು, ಅಲ್ವಾ?

ಸರಿ, ಸೇಂಟ್ ಆಂಡ್ರ್ಯೂಸ್ ಆದರೂ ಇಡಿಯಾಗಿ ಸಿಗುತ್ತದೆ ಅಂದುಕೊಂಡೆ. ಎರಡು ಆರ್ಚ್‌ಡೀಕನರಿ (ಡಯಾಸಿಸ್‌ನ ದೊಡ್ಡ ಪಾಲು), ಫೋರ್ತ್ ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಒಟ್ಟು ಎಂಟು ಡೀನರಿ (ಪ್ಯಾರಿಷ್‌ಗಳ ಗುಂಪು). ಚಂದ ಇದೆ. ಆದರೆ ಆಂಗಸ್, ಮರ್ನ್ಸ್ ಡೀನರಿಗಳ ತುಂಬಾ ಬ್ರೆಕಿನ್ ಡಯಾಸಿಸ್‌ನ ಪ್ಯಾರಿಷ್‌ಗಳು ಚೆಲ್ಲಾಪಿಲ್ಲಿ. ಎಲ್ಲರ ಮನೆ ದೋಸೆಯೂ ತೂತೇ ಅನ್ನುತ್ತಾರಲ್ಲ, ಆರ್ಚ್‌ಬಿಷಪ್ಪರ ಮನೆಯದ್ದು ಜಾಸ್ತಿ ತೂತು.

ಎರಡು ಪ್ರಯತ್ನ ಕೆಟ್ಟವು. ಮೊದಲನೆಯದರಲ್ಲಿ ಕ್ರ್ಯಾಮಂಡ್ 6 ಮಿ.ಮೀ. ತುಂಡಾಗಿ ಬಂತು, ಬ್ಲೇಡ್ ತಿರುಗಿಸುವಾಗ ಪದರ ಬಿಟ್ಟು ಹಾರಿತು. ಎರಡನೆಯದಕ್ಕೆ ಲೇಸರ್ ಅಂಗಡಿಗೆ ಕೊಟ್ಟೆ. 3 ಮಿ.ಮೀ. ಬರ್ಚ್ ಮರ ಎಂದು ಕೊಟ್ಟಿದ್ದು ಬಾಗಿದ ಹಲಗೆ, ಒಳಗೆ ಬೇರೆ ಏನೋ ಮರ. ಕೇಳಿದರೆ, "ಗೋಡೆಗೆ ಹೊಡೆದರೆ ನೆಟ್ಟಗಾಗುತ್ತೆ ಸಾರ್!" ಜಿಗ್ಸಾವನ್ನು ಗೋಡೆಗೆ ಹೊಡೆಯಬೇಕಂತೆ.

ಕೊನೆಗೆ ಹೊಳೆದದ್ದು ಇದು. ಡಯಾಸಿಸ್‌ಗೆ ಒಂದು ತುಂಡು ಎನ್ನುವ ಹಟ ಬಿಟ್ಟೆ. ಡಯಾಸಿಸ್ ಈಗ ಬರೀ ಬಣ್ಣ. ತುಂಡು ಡೀನರಿಯದ್ದು, ಗೋಜಲಿರುವ ಕಡೆ ಪ್ಯಾರಿಷ್‌ನದ್ದು. ಸಣ್ಣವನ್ನು ಕತ್ತರಿಸುವುದೇ ಇಲ್ಲ: ಸೇಂಟ್ ಆಂಡ್ರ್ಯೂಸ್ ತುಂಡಿಗೆ 8 ಮಿ.ಮೀ. ರಂಧ್ರ ಕೊರೆದು, ದುಂಡು ಕೋಲಿನ ಬಿಲ್ಲೆಗೆ ಡಂಕೆಲ್ಡ್‌ನ ನೀಲಿ ಬಳಿದು ಒತ್ತಿಬಿಟ್ಟೆ. ಇಂಚ್‌ಕಾಮ್‌ಗೆ ಹಿತ್ತಾಳೆ ಗುಂಡುಸೂಜಿ. ಪ್ಯಾರಿಷ್ ದುಂಡಗಿರುವುದಿಲ್ಲ, ಗೊತ್ತು. ಸುಳ್ಳು ಹೇಳಿದ್ದೇನೆ, ಆದರೆ ಸರಿಯಾದ ಜಾಗದಲ್ಲಿ ಹೇಳಿದ್ದೇನೆ.

ಈ ನಡುವೆ ಮೋರೆ ಡಯಾಸಿಸ್ ಮನಸ್ಸು ಕೆಡಿಸಿದೆ. ಅಲ್ಲಿನ ಬಿಷಪ್ಪನ ಪೀಠ ಬರ್ನಿ, ಕಿನೆಡರ್, ಸ್ಪೈನಿ ಎಂದು ಅಲೆದು 1224ರಲ್ಲಿ ಎಲ್ಗಿನ್‌ನಲ್ಲಿ ನೆಲೆ ನಿಂತಿತು. ಹಲಗೆಯಲ್ಲಿ ಒಂದು ಜಾಡು ಕೊರೆದು, ಪುಟ್ಟ ಬಿಷಪ್ ಗೊಂಬೆಯನ್ನು ಊರಿಂದೂರಿಗೆ ಜಾರಿಸುವ ಆಟಿಕೆ ಮಾಡಿದರೆ ಹೇಗೆ? ತೇಗದ ಚೂರು ಆಗಲೇ ಎತ್ತಿಟ್ಟಿದ್ದೇನೆ.

ಮೊದಲು ಬಂಕಲ್‌ನ ಬಿಲ್ಲೆ ಸಿಗಬೇಕು. ಬಣ್ಣ ಒಣಗಲು ಕಿಟಕಿಯಲ್ಲಿಟ್ಟಿದ್ದೆ. ಬೆಳಿಗ್ಗೆ ಕಸ ಗುಡಿಸಿಯಾಗಿತ್ತು. ಈಗ ಡಬ್ಬಿ ತಿರುವಿಹಾಕಿ ಹೊಟ್ಟಿನಲ್ಲಿ ನೀಲಿ ಹುಡುಕುತ್ತಿದ್ದೇನೆ.