ಎರಡು ಸೊನ್ನೆ ಬಿಟ್ಟ ಲೆಕ್ಕ

ಲೆಕ್ಕದ ಮೇಷ್ಟ್ರು ಆ ದಿನ ಪಾಠ ಮಾಡಲಿಲ್ಲ. ಬೋರ್ಡಿನ ಮೇಲೆ 4294967297 ಎಂದು ಬರೆದು, "ಇದನ್ನ ಒಡೀರಿ ನೋಡೋಣ" ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು. ಅದನ್ನು ಓದುವುದರಲ್ಲೇ ನಮಗೆ ಸಾಕಾಯಿತು: 429 ಕೋಟಿ 49 ಲಕ್ಷ 67 ಸಾವಿರದ 297.

ಬೆಸ ಸಂಖ್ಯೆ, 2 ಹೋಗದು. ಅಂಕಿಗಳನ್ನು ಕೂಡಿದರೆ 59, ಅಲ್ಲಿಗೆ 3 ಕೂಡ ಹೋಗದು. 7, 11, 13 ಎಂದು ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಂಡು ಭಾಗಿಸುತ್ತಾ ಹೋದೆವು. ಗಂಟೆ ಹೊಡೆಯುವಾಗ 43ಕ್ಕೆ ಬಂದಿದ್ದೆವು. "ಸಾರ್, ಇದು ಅವಿಭಾಜ್ಯ" ಎಂದೆ. "ಫರ್ಮಾ ಕೂಡ ಹಾಗೇ ಅಂದ್ಕೊಂಡಿದ್ದ ಕಣೋ" ಎಂದು ನಕ್ಕರು.

2ನ್ನು 1, 2, 4, 8, 16ರ ಘಾತಕ್ಕೇರಿಸಿ 1 ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ. ಮುಂದಿನವೂ ಹೀಗೇ ಎಂದು ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. ಘಾತ 32 ಆದಾಗ ಬರುವುದೇ ನಮ್ಮ ಬೋರ್ಡಿನ ಸಂಖ್ಯೆ. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದ. ನಮ್ಮ ಹಾಗೆ ಸಾಲಾಗಿ ಹೋದರೆ 116ನೆಯ ಅವಿಭಾಜ್ಯವಾದ 641ರವರೆಗೆ ಬೆವರು ಸುರಿಸಬೇಕು. ಆದರೆ ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಯಾವುದನ್ನೇ ಆಗಲಿ, 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಹಾಗೆ ಜರಡಿ ಹಿಡಿದರೆ ಮೊದಲಿಗೆ ಸಿಗುವ ಅವಿಭಾಜ್ಯಗಳು 193, 257, 449, 577, 641. ಯಾಕೆ ಹಾಗೆ ಎಂಬುದು ನನ್ನ ತಲೆಗೆ ಹತ್ತಿದ್ದು ಡಿಗ್ರಿಗೆ ಬಂದ ಮೇಲೆ.

ಮರುದಿನ 641 ನನ್ನ ಪಾಲಿಗೆ ಬಂತು. 4294ರಲ್ಲಿ ಆರು ಸಲ, ಶೇಷ 448. 9 ಇಳಿಸಿದರೆ 4489. ಏಳು ಸಲ, ಶೇಷ ಬರೀ 2. 6 ಇಳಿಸಿದೆ, 26. 7 ಇಳಿಸಿದೆ, 267. ಎರಡರಲ್ಲೂ ಹೋಗಲಿಲ್ಲ. 2 ಇಳಿಸಿ 2672, ನಾಲ್ಕು ಸಲ. ಆಮೇಲೆ 1089, ಒಂದು ಸಲ, ಮತ್ತೆ ಅದೇ 448! 7 ಇಳಿಸಿದರೆ 4487, ಸರಿಯಾಗಿ ಏಳು ಸಲ. ಶೇಷ ಇಲ್ಲ. ಬೆಂಚಿನಿಂದ ಎದ್ದು ಕೂಗಿಯೇಬಿಟ್ಟೆ: "ಸಾರ್, 67417!"

ಮೇಷ್ಟ್ರು ಪುಸ್ತಕ ನೋಡಲೂ ಇಲ್ಲ. "ವಾಪಸ್ ಗುಣಿಸು." ಗುಣಿಸಿದರೆ 43214297. ಎಂಟೇ ಅಂಕಿ! 26, 267 ಬಂದ ಕಡೆ ಭಾಗಲಬ್ಧದಲ್ಲಿ ಸೊನ್ನೆ ಹಾಕುವುದನ್ನೇ ಮರೆತಿದ್ದೆ. ಇರಬೇಕಾದದ್ದು 6700417. ಆಯ್ಲರ್ ಹಿಡಿದ ಜಾಡಿನಲ್ಲಿ ನಡೆದು ಮೂರನೇ ಕ್ಲಾಸಿನ ತಪ್ಪು ಮಾಡಿದ್ದೆ.

"ಸರಿ, ಈ 6700417 ಒಡೆಯುತ್ತಾ?" ಎಂದರು. ವರ್ಗಮೂಲ 2588 ಚಿಲ್ಲರೆ, ಅಲ್ಲಿವರೆಗೆ ನೋಡಿದರೆ ಸಾಕು. 64ರ ಜರಡಿ ಇದಕ್ಕೂ ನಡೆಯುತ್ತದೆ. 641ರಿಂದ 2561ರವರೆಗೆ ಪಟ್ಟಿ ಮಾಡಿದೆವು. ನಡುವೆ 1729 ಬಂತು, ರಾಮಾನುಜನ್ ಸಂಖ್ಯೆ! ಆದರೆ ಅದು 7×13×19. ಮನಸ್ಸಿಲ್ಲದಿದ್ದರೂ ಹೊಡೆದು ಹಾಕಿದೆ. ಉಳಿದ ಅವಿಭಾಜ್ಯಗಳು ಏಳೇ. ಈ ಸಲ ಒಂದೊಂದನ್ನೂ ವಾಪಸ್ ಗುಣಿಸಿಯೇ ಮುಂದಕ್ಕೆ ಹೋದೆ. ಕೊನೆಯದು 2113. ಭಾಗಲಬ್ಧ 3171, ಶೇಷ 94.