ಬಿಸ್ 72 ತೋರಿಸಿದಾಗ ನಾನು ಮಾಡಿದ ತಪ್ಪು

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ, ಅರಿವಳಿಕೆ ಕೊಡುವವಳು ನಾನು. ರೋಗಿ ಪ್ರೋನ್ (ಬೋರಲು), ಟಿವಾ, ಅಂದರೆ ಅರಿವಳಿಕೆ ಪೂರ್ತಿ ರಕ್ತನಾಳದ ಮೂಲಕ; ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಗಂಟೆಗೆ 35 ಎಂ.ಎಲ್. ಹೋಗುತ್ತಿತ್ತು. ಹಣೆಯ ಪಟ್ಟಿಯಿಂದ ಮಿದುಳಿನ ಅಲೆ ಓದಿ ಅರಿವಳಿಕೆಯ ಆಳ ತೋರಿಸುವ ಅಂಕಿ ಬಿಸ್; ಅದು ಏರಿದಷ್ಟೂ ರೋಗಿ ಎಚ್ಚರಕ್ಕೆ ಹತ್ತಿರ ಎಂದು ಲೆಕ್ಕ. ಆಗ ಬಿಸ್ 44. ನೋವಿಗೆಂದು 30 ಮಿಲಿಗ್ರಾಂ ಕೆಟಮಿನ್ ಕೊಟ್ಟು ಚಾರ್ಟ್ ಬರೆಯಲು ಕುಳಿತೆ. ಸ್ವಲ್ಪ ಹೊತ್ತಿಗೆ ಬಿಸ್ 58, ಆಮೇಲೆ 66, ಆಮೇಲೆ 72.

ಬೋರಲು ಮಲಗಿಸಿ ಬೆನ್ನು ತೆರೆದಿರುವಾಗ ರೋಗಿಗೆ ಎಚ್ಚರವಾದರೆ? ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಭಯ ನನಗಿಲ್ಲ. ಪಂಪನ್ನು 50ಕ್ಕೆ ಏರಿಸಿದೆ. ಅಂಕಿ ಇಳಿಯಲಿಲ್ಲ. ಮೇಲಿಂದ ಒಂದು ಬೋಲಸ್, ಅಂದರೆ ಒಮ್ಮೆಗೇ ಇನ್ನಷ್ಟು ಪ್ರೊಪೊಫಾಲ್, ಕೊಟ್ಟೆ. ನಾಡಿ ಏರಿರಲಿಲ್ಲ, ಬೆವರಿರಲಿಲ್ಲ. ಅದನ್ನೆಲ್ಲ ನೋಡಿಯೂ ಅಂಕಿಯನ್ನೇ ನಂಬಿದೆ. ಮ್ಯಾಪ್ (ಸರಾಸರಿ ರಕ್ತದೊತ್ತಡ) 48ಕ್ಕೆ ಕುಸಿದು ಅಲಾರಂ ಕೂಗಿತು. ಸರ್ಜನ್ ಕೈ ನಿಲ್ಲಿಸಿ, "ಏನಾಯಿತು ಮೇಡಂ?" ಎಂದರು. ಪಕ್ಕದ ಓಟಿಯಿಂದ ಓಡಿಬಂದ ಹಿರಿಯರು ಕೇಳಿದ್ದು ಒಂದೇ: "ಕೆಟಮಿನ್ ಕೊಟ್ಟಿದ್ದೀಯೇನಮ್ಮ?"

ಪ್ರೊಪೊಫಾಲ್ ಇಳಿಸಿ, ರಕ್ತದೊತ್ತಡ ಏರಿಸುವ ಮೆಫೆಂಟರ್ಮಿನ್ ಕೊಟ್ಟೆವು. ಮ್ಯಾಪ್ 65 ದಾಟುವವರೆಗೂ ನನ್ನ ತಲೆಯಲ್ಲಿದ್ದದ್ದು ಆ ಮನುಷ್ಯನ ಬೆನ್ನುಹುರಿಗೆ ರಕ್ತ ಸಾಲುತ್ತಿದೆಯೇ ಎಂಬ ಚಿಂತೆ ಮಾತ್ರ.

ಕೆಟಮಿನ್ ಬಿಸ್ ಅಂಕಿಯನ್ನು ಏರಿಸುತ್ತದೆ ಎಂಬುದು ಪರೀಕ್ಷೆಗೆ ಓದಿದ್ದ ವಿಷಯವೇ. ಪ್ರೊಪೊಫಾಲ್ ನರಕೋಶಗಳ ಮೇಲಿನ ಗಾಬಾ ಎಂಬ ಗ್ರಾಹಕಗಳ ಮೂಲಕ ಮಿದುಳಿನ ಅಲೆಗಳನ್ನು ನಿಧಾನಗೊಳಿಸುತ್ತದೆ. ಕೆಟಮಿನ್ ಎನ್‌ಎಂಡಿಎ ಎಂಬ ಬೇರೆ ಗ್ರಾಹಕಗಳನ್ನು ತಡೆಯುತ್ತದೆ, ಅಲೆಗಳು ವೇಗ ಪಡೆಯುತ್ತವೆ. ಹಣೆಯ ಮೇಲಿನ ಪಟ್ಟಿ ಆ ವೇಗವನ್ನೇ ಎಚ್ಚರವೆಂದು ಲೆಕ್ಕ ಹಾಕುತ್ತದೆ. ಒಳಗಿನ ಕಥೆ ಬೇರೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಪ್ರೊಪೊಫಾಲ್, ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್, ಕೆಟಮಿನ್ ಮೂರೂ ಒಂದೇ ದಾರಿಯನ್ನು ಕಡಿದಿದ್ದವು: ಮಿದುಳಿನ ಮುಂಭಾಗದಿಂದ ಪರೈಟಲ್ (ನೆತ್ತಿಯ ಹಿಂಬದಿಯ) ಭಾಗಕ್ಕೆ ಮರಳುವ ಸಂಕೇತಗಳ ದಾರಿಯನ್ನು. ಹಿಂದಿನಿಂದ ಮುಂದಕ್ಕೆ ಬರುವ ಸಂಕೇತ ಅಷ್ಟಾಗಿ ಕುಗ್ಗಿರಲಿಲ್ಲ. ಅಲೆ ಎಷ್ಟೇ ಚುರುಕಾಗಿದ್ದರೂ ಈ ಕೊಡುಕೊಳ್ಳುವಿಕೆ ಮುರಿದರೆ ಪ್ರಜ್ಞೆ ಉಳಿಯುವುದಿಲ್ಲ ಎಂಬುದು ಆ ಅಧ್ಯಯನದ ಸೂಚನೆ. ಬಿಸ್ ಅದನ್ನು ಅಳೆಯುವುದೇ ಇಲ್ಲ.

ಯಂತ್ರ ಬಂದ ದಿನ ನಮಗೆ ಸಿಕ್ಕ ತರಬೇತಿ ಅರ್ಧ ಗಂಟೆ. 40ರಿಂದ 60ರೊಳಗೆ ಇರಿಸಿ ಎಂದರು. ಅಲೆಗಳನ್ನು ಓದಲು ಯಾರೂ ಕಲಿಸಲಿಲ್ಲ. ಲಕ್ಷಗಟ್ಟಲೆ ಸುರಿದು ಯಂತ್ರ ತರುವ ಆಡಳಿತಕ್ಕೆ ಒಂದು ದಿನದ ಪಾಠಕ್ಕೆ ಬಿಡುವು ಕೊಡಲಾಗದು ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಈಗ ಕೆಟಮಿನ್ ಕೊಡುವ ಮುನ್ನ ಹೊತ್ತನ್ನೂ ಬಿಸ್ ಅಂಕಿಯನ್ನೂ ಗಟ್ಟಿಯಾಗಿ ಹೇಳಿ ಚಾರ್ಟ್‌ನಲ್ಲಿ ಬರೆಯುತ್ತೇನೆ, ಪರದೆಯಲ್ಲಿ ಅಲೆಯನ್ನೇ ದೊಡ್ಡದಾಗಿ ಇಟ್ಟುಕೊಳ್ಳುತ್ತೇನೆ.

ಮರುದಿನ ವಾರ್ಡಿಗೆ ಹೋಗಿ ಮೊದಲು ಕಾಲ್ಬೆರಳು ಅಲುಗಿಸಲು ಹೇಳಿದೆ. ಎರಡೂ ಕಾಲಿನವು ಅಲುಗಿದವು. ರಕ್ತದೊತ್ತಡ ಕುಸಿದದ್ದನ್ನು ತಿಳಿಸಿ, ಮಲಗಿಸಿದ ಮೇಲೆ ಏನಾದರೂ ಕೇಳಿಸಿತೇ ಎಂದು ವಿಚಾರಿಸಿದೆ.

"ಮಾಸ್ಕ್ ಇಟ್ಟದ್ದು ನೆನಪಿದೆ ಡಾಕ್ಟರೇ. ಆಮೇಲೆ ಕಣ್ಣು ಬಿಟ್ಟದ್ದು ಇಲ್ಲೇ," ಎಂದರು.